ಕರಿಯನನ್ನು ಕೇಳದೆ ತಂದ ಮರಿ

ಕಳೆದ ವಾರ ಕುಣಿಗಲ್‌ನಿಂದ ಓದುಗರೊಬ್ಬರು ಫೋನ್ ಮಾಡಿದ್ದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಎಂಟಕ್ಕೆ ಮನೆಗೆ ಬೀಗ ಬಿದ್ದರೆ ತೆಗೆಯುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತೂ ಅವರ ಮೂರು ವರ್ಷದ ನಾಯಿ ಹಿತ್ತಲಲ್ಲಿ ಒಂಟಿ. ‘ನಾವು ಹೊರಡುವಾಗ ಅದರ ಮುಖ ನೋಡಕ್ಕಾಗಲ್ಲ ಸಾರ್. ಜೊತೆಗೆ ಇನ್ನೊಂದು ಮರಿ ತಂದುಬಿಡೋಣ ಅಂತಿದೀವಿ. ತರಬಹುದಾ?’ ಎಂದು ಕೇಳಿದರು. ನಾಯಿಯ ಬಗ್ಗೆ ಈ ಅಂಕಣದಲ್ಲಿ ಯಾವಾಗ ಬರೆದರೂ ಹಿಂದೆಯೇ ಬರುವ ಪ್ರಶ್ನೆ ಇದು. ಲಸಿಕೆ, ಊಟ, ಉಣ್ಣೆ ಕಾಟ ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಎರಡನೇ ನಾಯಿಯನ್ನು. ಅವರಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಕರುಣೆಯಿಂದ ನಾನೂ ಒಮ್ಮೆ ಒಂದು ಮರಿಯನ್ನು ತಂದು ಎರಡು ಜೀವಗಳಿಗೆ ನೋವು ಕೊಟ್ಟಿದ್ದೇನೆ.

ನಮ್ಮ ಕರಿಯ ತುಮಕೂರಿನ ಶೆಟ್ಟಿಹಳ್ಳಿಯ ಮೋರಿ ಪಕ್ಕ ಸಿಕ್ಕಿದ ನಾಟಿ ನಾಯಿ. ಎದೆಯ ಮೇಲಿನ ಒಂದು ಬಿಳಿ ಮಚ್ಚೆ ಬಿಟ್ಟರೆ ಮೈಯೆಲ್ಲ ಕಪ್ಪು. ಮಗಳ ಕೈಯಲ್ಲಿ ಬೆಳೆದವನು. 2022ರಲ್ಲಿ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದಳು. ಆಗ ಕರಿಯನಿಗೆ ಏಳು ವರ್ಷ. ಅವಳು ಕಾಲೇಜಿನಿಂದ ಬರುತ್ತಿದ್ದ ಐದೂವರೆಯ ಹೊತ್ತಿಗೆ ಸರಿಯಾಗಿ ಗೇಟಿನ ಕೆಳಗಿನ ಸಂದಿಗೆ ಮೂಗಿಟ್ಟು ಮಲಗುವನು. ಕತ್ತಲಾದರೂ ಏಳುತ್ತಿರಲಿಲ್ಲ. ಮುದ್ದೆ ಹಾಲು ಕಲಸಿ ತಟ್ಟೆಯನ್ನು ಅಲ್ಲಿಗೇ ಒಯ್ದು ಇಟ್ಟರೂ ಎರಡು ತುತ್ತು ತಿಂದು ಮತ್ತೆ ಸಂದಿಗೆ ಮುಖ. ಅದೇ ವರ್ಷದ ಜೂನ್‌ನಲ್ಲಿ ‘777 ಚಾರ್ಲಿ’ ಬಿಡುಗಡೆಯಾಗಿತ್ತು. ನೋಡಿ ಬಂದವರೆಲ್ಲ ಲ್ಯಾಬ್ರಡಾರ್ ಮರಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದ ದಿನಗಳು ಅವು. ಪರಿಚಯದವರ ಮನೆಯಲ್ಲಿ ಲ್ಯಾಬ್ರಡಾರ್ ಮರಿ ಹಾಕಿತ್ತು. ‘ಕರಿಯನಿಗೆ ಜೊತೆಯಾಗುತ್ತೆ’ ಎಂದು ನಾನೂ ನನ್ನ ಹೆಂಡತಿಯೂ ಹೋಗಿ ಎರಡು ತಿಂಗಳ ಗಂಡು ಮರಿಯನ್ನು ಎತ್ತಿಕೊಂಡು ಬಂದೆವು. ಕರಿಯನನ್ನು ಕರೆದುಕೊಂಡು ಹೋಗಿರಲಿಲ್ಲ. ಅವನನ್ನು ಕೇಳಬೇಕು ಎಂಬುದೇ ನಮಗೆ ಹೊಳೆದಿರಲಿಲ್ಲ.

ಮೊದಲ ವಾರ ಎಲ್ಲವೂ ಸರಿ ಇದೆ ಎಂದುಕೊಂಡೆವು. ಕರಿಯ ಬೊಗಳಲಿಲ್ಲ, ಕಚ್ಚಲಿಲ್ಲ. ಮರಿ ಹತ್ತಿರ ಬಂದರೆ ಮುಖ ಆಚೆ ತಿರುಗಿಸುವನು, ನಾಲಿಗೆಯಿಂದ ಮೂಗು ಸವರಿಕೊಳ್ಳುವನು, ಎದ್ದು ಬಚ್ಚಲಿನ ಮೂಲೆಗೆ ಹೋಗಿ ಮಲಗುವನು. ಏಳು ವರ್ಷ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿದ್ದ ನಾಯಿ ಬಚ್ಚಲಿಗೆ ಹೋಯಿತೆಂದರೆ ಏನೋ ಹೇಳುತ್ತಿದೆ ಎಂದು ಅರ್ಥ. ‘ಪಾಪ, ಮರಿಗೆ ಜಾಗ ಬಿಡ್ತಿದಾನೆ’ ಎಂದುಕೊಂಡೆವು. ಎರಡನೇ ವಾರ ಅವನು ಗುರ್ ಎಂದ. ನಾನು ಗದರಿದೆ. ಆವತ್ತು ಮಾಡಿದ ಆ ತಪ್ಪಿಗೆ ಇವತ್ತಿಗೂ ಮನಸ್ಸು ನೋಯುತ್ತದೆ. ಗುರುಗುಟ್ಟುವುದು ನಾಯಿ ಕೊಡುವ ಕೊನೆಯ ಎಚ್ಚರಿಕೆ. ಅದಕ್ಕೂ ಬೈಸಿಕೊಂಡ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಹಲ್ಲು ಹಾಕುತ್ತದೆ. ಹಾಗೇ ಆಯಿತು. ಒಂದು ರಾತ್ರಿ ಮರಿ ಅವನ ತಟ್ಟೆಗೆ ಮೂತಿ ಇಟ್ಟಿತು. ಸದ್ದಿಲ್ಲದೆ ಅದರ ಕಿವಿ ಹಿಡಿದ. ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ ನಡುವೆ ಕೈ ಹಾಕಿದಳು. ಮರಿಯ ಕಿವಿ ಸೀಳಿತು, ಇವಳ ಅಂಗೈಗೆ ಹಲ್ಲು ನಾಟಿತು. ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಓಡಿದೆವು. ಸ್ವಂತ ನಾಯಿ, ಲಸಿಕೆ ಹಾಕಿಸಿದ ನಾಯಿ ಎಂದು ಇಂಥ ಗಾಯವನ್ನು ಯಾರೂ ಅಲಕ್ಷ್ಯ ಮಾಡಬಾರದು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಅದಕ್ಕೆ ಮದ್ದಿಲ್ಲ. ನಾಯಿಗಳು ಜಗಳಕ್ಕೆ ಬಿದ್ದಾಗ ಕೈ ಹಾಕಲೂಬಾರದು. ಒಂದು ಬಕೆಟ್ ನೀರು ಎರಚಿ, ಒದ್ದೆ ಗೋಣಿಚೀಲ ಎಸೆಯಿರಿ, ತಟ್ಟೆಯಿಂದ ದೊಡ್ಡ ಸದ್ದು ಮಾಡಿ. ಬರಿಗೈ ಮಾತ್ರ ಬೇಡ.

ನಲವತ್ತು ದಿನಕ್ಕೆ ಮರಿಯನ್ನು ಗುಬ್ಬಿ ಹತ್ತಿರ ಅಕ್ಕನ ತೋಟದ ಮನೆಗೆ ಕಳಿಸಿದೆವು. ಅಲ್ಲಿ ಮಕ್ಕಳಿದ್ದರು, ಬಯಲಿತ್ತು, ಬೇರೆ ನಾಯಿ ಇರಲಿಲ್ಲ. ಆಮೇಲೆ ಕರಿಯನನ್ನು ನೋಡುವ ಪಶುವೈದ್ಯರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ‘ಮಗಳಿದ್ದಾಗ ದಿನಾ ಸಂಜೆ ಏನು ಮಾಡೋಳು?’ ಅವಳು ಬ್ಯಾಗ್ ಇಟ್ಟು, ಕಾಫಿಯನ್ನೂ ಕುಡಿಯದೆ ಕರಿಯನನ್ನು ಕರೆದುಕೊಂಡು ಬಡಾವಣೆಯ ಖಾಲಿ ಸೈಟುಗಳ ತನಕ ಹೋಗಿ ಬರುತ್ತಿದ್ದಳು. ಮುಕ್ಕಾಲು ಗಂಟೆ. ಅವಳು ಹೋದ ಮೇಲೆ ಆ ಮುಕ್ಕಾಲು ಗಂಟೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಬೆಳಗ್ಗೆ ಹಿತ್ತಲಿಗೆ ಬಿಟ್ಟು ಸಾಕೆಂದುಕೊಂಡಿದ್ದೆವು. ಮರುದಿನದಿಂದ ಐದೂವರೆಗೆ ನಾನು ಹೊರಟೆ. ಎರಡು ವಾರ ಕಳೆಯುವುದರೊಳಗೆ ಕರಿಯ ಗೇಟಿನ ಸಂದಿ ಬಿಟ್ಟು ಮತ್ತೆ ಫ್ಯಾನಿನ ಕೆಳಗೆ ಬಂದ. ಅವನಿಗೆ ಬೇಕಾಗಿದ್ದುದು ಇನ್ನೊಂದು ನಾಯಿಯಲ್ಲ, ಸಂಜೆಯ ಆ ತಿರುಗಾಟ, ಅದರಲ್ಲಿ ಮೂಸುವ ನೂರು ಕಂಬ, ಜೊತೆಗೊಬ್ಬ ಮನುಷ್ಯ.

ಅದಕ್ಕೇ ಕೇಳಿದವರಿಗೆಲ್ಲ ಮೊದಲು ಇದನ್ನು ಹೇಳುತ್ತೇನೆ. ನಾಯಿ ನಮಗಾಗಿ ಹಂಬಲಿಸಿ ಕೊರಗುತ್ತಿದ್ದರೆ ಆ ಕೊರಗಿಗೆ ಎರಡನೇ ನಾಯಿ ಔಷಧಿಯಲ್ಲ. ಯಜಮಾನರು ಹೊರಟ ಕೂಡಲೇ ಬಾಗಿಲು ಕೆರೆಯುವ, ಊಳಿಡುವ, ಚಪ್ಪಲಿ ಹರಿಯುವ ನಾಯಿ ಇನ್ನೊಂದು ನಾಯಿ ಪಕ್ಕದಲ್ಲಿದ್ದರೂ ಅದನ್ನೇ ಮಾಡುವುದು ಹೆಚ್ಚು. ಪಕ್ಕದ್ದು ಕಲಿತುಕೊಂಡು ಇಬ್ಬರೂ ಊಳಿಟ್ಟ ಮನೆಗಳನ್ನೂ ಎಸ್.ಎಸ್.ಪುರಂ, ಅಶೋಕನಗರದ ಬೀದಿಗಳಲ್ಲಿ ನೋಡಿದ್ದೇನೆ. ಮೊದಲಿನದಕ್ಕೆ ದಿನಕ್ಕೆ ಎರಡು ಸಲ ತಿರುಗಾಟ, ಕರೆದರೆ ಬರುವ ಅಭ್ಯಾಸ, ಒಂದೆರಡು ಗಂಟೆ ಒಂಟಿಯಾಗಿ ನೆಮ್ಮದಿಯಿಂದ ಮಲಗುವ ಧೈರ್ಯ, ಇವಿಷ್ಟು ಬಂದಿದೆಯೇ ನೋಡಿ. ಬಂದಿದ್ದರೆ ಎರಡನೆಯದರ ಮಾತು ಎತ್ತಬಹುದು.

ಹಾಗಿದ್ದರೂ ನಮ್ಮ ಮನೆಯಲ್ಲಿ ಈಗ ಎರಡು ನಾಯಿಗಳಿವೆ. ಅದು ಹೇಗಾಯಿತೆಂದು ಹೇಳುವ ಮುನ್ನ ಒಂದು ಕಲ್ಲಿನ ವಿಷಯ ಹೇಳಬೇಕು. ಕುಣಿಗಲ್‌ನಿಂದ ಹುಲಿಯೂರುದುರ್ಗದ ಮೇಲೆ ಹೋಗುವ ರಸ್ತೆ ಮದ್ದೂರು ಮುಟ್ಟುತ್ತದೆ. ಆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೇರ ಎಂಬ ವೀರ ಮೆರೆದ. ಮೆಚ್ಚಿದ ಬೂತುಗ ಏನು ಬೇಕು ಕೇಳು ಎಂದಾಗ ಮಣಲೇರ ಕೇಳಿದ್ದು ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹಣಾಹಣಿ ನಿಂತಿರುವ ಚಿತ್ರವಿದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಒಂದು ವಿಷಯ ನಾಟುತ್ತದೆ. ಮಣಲೇರ ಒಂದು ನಾಯಿ ಕೊಡಿ ಎನ್ನಲಿಲ್ಲ, ಕಾಳಿಯನ್ನು ಕೊಡಿ ಎಂದ. ಅವನಿಗೆ ಆ ನಾಯಿಯ ಗುರುತಿತ್ತು. ನಾವು ಮರಿಯನ್ನು ತರುವಾಗ ತಳಿ ನೋಡುತ್ತೇವೆ, ಬಣ್ಣ ನೋಡುತ್ತೇವೆ. ಗುರುತು ಮಾಡಿಕೊಳ್ಳುವ ಮೊದಲೇ ಮನೆಗೆ ತರುತ್ತೇವೆ.

ಗೌರಿ ನಮಗೆ ಗುರುತಿದ್ದವಳು. ಹಿಂದಿನ ರಸ್ತೆಯ ಹಿರಿಯರೊಬ್ಬರ ನಾಯಿ, ಕಂದು ಬಣ್ಣ, ಐದು ವರ್ಷ, ಆಪರೇಷನ್ ಆದವಳು. ಐದೂವರೆಯ ತಿರುಗಾಟದಲ್ಲಿ ಅವರೂ ಎದುರಾಗುತ್ತಿದ್ದರು. ಮೊದಮೊದಲು ಕರಿಯ ಅವಳನ್ನು ನೋಡಿದರೆ ಬೆನ್ನು ಬಿಗಿಹಿಡಿದು ನಿಲ್ಲುವನು. ಬರುಬರುತ್ತಾ ಮೈ ಸಡಿಲವಾಯಿತು, ಬಾಲ ಬೆನ್ನ ಮಟ್ಟದಲ್ಲಿ ಅಗಲವಾಗಿ ಬೀಸತೊಡಗಿತು. ಒಂದು ದಿನ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಅವಳನ್ನು ಆಟಕ್ಕೆ ಕರೆದ. ನಮ್ಮ ಮನೆಗೆ ಬಂದ ಲ್ಯಾಬ್ರಡಾರ್ ಮರಿಯನ್ನು ನಲವತ್ತು ದಿನದಲ್ಲಿ ಒಮ್ಮೆಯೂ ಅವನು ಹಾಗೆ ಕರೆದಿರಲಿಲ್ಲ. 2024ರಲ್ಲಿ ಆ ಹಿರಿಯರು ತೀರಿಕೊಂಡರು. ಮಕ್ಕಳು ಊರಲ್ಲಿರಲಿಲ್ಲ. ಗೌರಿಯನ್ನು ಏನು ಮಾಡುವುದು ಎಂಬ ಮಾತು ಬಂದಾಗ ನಾವು ಕೂಡಲೇ ಹೂಂ ಅನ್ನಲಿಲ್ಲ. ಎರಡು ವಾರ ದಿನಾ ಸಂಜೆ ಇಬ್ಬರನ್ನೂ ಒಂದೇ ದಿಕ್ಕಿಗೆ, ನಡುವೆ ಹತ್ತು ಮಾರು ಬಿಟ್ಟು ನಡೆಸಿದೆವು, ನಂತರ ಐದು ಮಾರು, ನಂತರ ಪಕ್ಕಪಕ್ಕ. ಮನೆಯೊಳಕ್ಕೆ ತಂದ ದಿನ ಮೊದಲು ಗೌರಿ ಹೋದಳು, ಆಮೇಲೆ ಕರಿಯ ಬಂದ. ತನ್ನ ಗೇಟಿನಲ್ಲಿ ತಾನು ನಿಂತು ಹೊರಗಿನವರನ್ನು ತಡೆಯಬೇಕಾದ ಕೆಲಸ ಅವನಿಗೆ ಬೀಳಲಿಲ್ಲ. ತಟ್ಟೆಗಳು ಬೇರೆ ಬೇರೆ ಕೋಣೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಇವತ್ತಿಗೂ ಹಾಗೇ. ಊಟ, ಮೂಳೆ, ಮಲಗುವ ಜಾಗ, ನಮ್ಮ ಮಡಿಲು, ಈ ನಾಲ್ಕಕ್ಕೇ ಮನೆಯ ನಾಯಿಗಳು ಬಡಿದಾಡುವುದು. ನಾಲ್ಕನ್ನೂ ಎರಡೆರಡು ಮಾಡಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಗಂಡು ಹೆಣ್ಣಿನ ಜೋಡಿ ಹೊಂದುವುದು ಹೆಚ್ಚು ಸುಲಭ. ಒಂದೇ ಮನೆಯಲ್ಲಿ ರಕ್ತ ಬರುವಂಥ ಜಗಳಗಳು ಒಂದೇ ಲಿಂಗದ ನಾಯಿಗಳ ನಡುವೆ ಹೆಚ್ಚು. ಅದರಲ್ಲೂ ಎರಡು ಹೆಣ್ಣುಗಳ ನಡುವೆ ಒಮ್ಮೆ ಹತ್ತಿದ ದ್ವೇಷ ಆರುವುದು ಕಷ್ಟ. ಆದರೆ ಗಂಡು ಹೆಣ್ಣು ಇಟ್ಟುಕೊಂಡರೆ ಆಪರೇಷನ್ ಮಾಡಿಸಲೇಬೇಕು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗಬ್ಬ ನಿಂತರೆ 63 ದಿನಕ್ಕೆ ಮರಿ. ಅಣ್ಣ ತಂಗಿ ಮರಿಗಳು ತಾನೇ ಎಂದು ಸುಮ್ಮನಿದ್ದು, ವರ್ಷ ತುಂಬುವುದರೊಳಗೆ ಆರು ಮರಿ ಹಿಡಿದುಕೊಂಡು ಮನೆಮನೆ ತಿರುಗಿದವರನ್ನು ನಾನು ಬಲ್ಲೆ. ಗಂಡಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಬೇರೆ ಇಡಬೇಕು ಎಂಬುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇನ್ನು ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವುದು, ‘ಒಂದಕ್ಕೊಂದು ಆಡಿಕೊಳ್ತವೆ’ ಎಂಬ ಲೆಕ್ಕದಲ್ಲಿ. ಆಡಿಕೊಳ್ಳುತ್ತವೆ ನಿಜ. ಆದರೆ ಒಂದು ಇನ್ನೊಂದರ ಮುಖ ನೋಡುತ್ತದೆಯೇ ಹೊರತು ನಮ್ಮ ಮಾತಿಗೆ ಕಿವಿಗೊಡುವುದು ಕಡಿಮೆ, ಎರಡಕ್ಕೂ ಬೇರೆ ಬೇರೆಯಾಗಿ ಪಾಠ ಹೇಳಬೇಕು. ಹತ್ತು ಹನ್ನೆರಡು ವರ್ಷದ ಮೇಲೆ ಎರಡೂ ಒಟ್ಟಿಗೆ ಮುಪ್ಪಿಗೆ ಬೀಳುತ್ತವೆ. ಆ ನೋವು ಒಂದೇ ಮನೆಗೆ ಒಂದೇ ವರ್ಷ ಎರಡು ಸಲ ಬರುವುದನ್ನೂ ನೋಡಿದ್ದೇನೆ. ಹಾಗೆಯೇ ಕೀಲು ನೋವಿನ ಮುದಿ ನಾಯಿಯನ್ನು ಹುರುಪುಗೊಳಿಸಲು ಮರಿ ತರುವುದು ಅದಕ್ಕೆ ಕೊಡುವ ಶಿಕ್ಷೆ.

ಮರಿ ಎಲ್ಲಿಂದ ಬಂದರೂ ಎರಡು ವಾರ ಹಳೆಯ ನಾಯಿಯ ತಟ್ಟೆ, ಹಾಸಿಗೆ ಮುಟ್ಟದಂತೆ ಬೇರೆ ಇಡಿ. ಪಾರ್ವೊ ಹತ್ತಿದ ಮರಿ ಮೊದಲ ಕೆಲವು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ. ವಾಂತಿ, ರಕ್ತ ಬೆರೆತ ಭೇದಿ ಶುರುವಾಗುವಷ್ಟರಲ್ಲಿ ವೈರಾಣು ಮನೆಯ ಅಂಗಳ ಸೇರಿರುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮರುಡೋಸ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಉಣ್ಣೆಯ ವಿಷಯದಲ್ಲಿ ಎರಡು ನಾಯಿ ಎಂದರೆ ಒಂದೇ ಮೈ ಇದ್ದ ಹಾಗೆ. ಒಂದಕ್ಕೆ ಉಣ್ಣೆ ಜ್ವರ ಬಂದರೆ ಇನ್ನೊಂದರ ರಕ್ತವನ್ನೂ ಪರೀಕ್ಷಿಸಬೇಕಾಗುತ್ತದೆ, ಔಷಧಿಯನ್ನು ಒಂದೇ ದಿನ ಎರಡಕ್ಕೂ ಹಾಕಬೇಕು, ಗೋಡೆಯ ಬಿರುಕು, ಹಾಸಿಗೆಗಳಿಗೂ ಹಾಕಬೇಕು. ಜನ ಖರ್ಚಿನ ಲೆಕ್ಕ ಹಾಕುವಾಗ ಊಟ ಮಾತ್ರ ಎಣಿಸುತ್ತಾರೆ. ಇನ್ನೊಂದು ಲೆಕ್ಕ ಇದೆ. ಮದುವೆಗೋ ಜಾತ್ರೆಗೋ ಮೂರು ದಿನ ಊರಿಗೆ ಹೋಗಬೇಕಾದರೆ ಒಂದು ನಾಯಿಯನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ. ಎರಡನ್ನು ನೋಡಿಕೊಳ್ಳುವವರು ಸಿಗುವುದು ಕಷ್ಟ. ಮೂರು ದಿನ ಎರಡನ್ನೂ ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಒಬ್ಬರ ಹೆಸರು ಬಾಯಿಗೆ ಬಂದರೆ ಸರಿ, ಬರದಿದ್ದರೆ ಇನ್ನೂ ಕಾಯಿರಿ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಒಪ್ಪಿಗೆಯನ್ನು ಮೊದಲೇ ಕೇಳಿ. ಒಂದು ಬೊಗಳಿದರೆ ಇನ್ನೊಂದೂ ಕೂಡಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಆ ಸದ್ದಿಗೆ ಏಳುವುದು ಅಕ್ಕಪಕ್ಕದವರು.

ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಎರಡನೇ ನಾಯಿಯ ಪ್ರಶ್ನೆ ಬೇರೆಯೇ. ಅಲ್ಲಿ ಜೊತೆಗೆಂದಲ್ಲ, ಚಿರತೆಯ ಭಯಕ್ಕೆ ನಾಯಿ ತರುತ್ತಾರೆ. 2019ರ ಕೊನೆ, 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಪುಟ್ಟ ಮಕ್ಕಳೂ ಸೇರಿ ಕೆಲವರು ಪ್ರಾಣ ಕಳೆದುಕೊಂಡ ಮೇಲೆ ಈ ಭಯ ಆಳಕ್ಕೆ ಇಳಿದಿದೆ. ‘ಒಂದಿದ್ರೆ ಎತ್ಕೊಂಡೋಗುತ್ತೆ, ಎರಡಿದ್ರೆ ಹೆದರುತ್ತೆ’ ಎಂಬ ಮಾತನ್ನು ಗುಬ್ಬಿಯ ಸಂತೆಯಲ್ಲೂ ಕೇಳಿದ್ದೇನೆ. ಅದು ನಿಜವಲ್ಲ. ಮಹಾರಾಷ್ಟ್ರದ ಅಕೋಲೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಬಗ್ಗೆ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಲ್ಲಿನ ಚಿರತೆಗಳು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕುನಾಯಿ, ಬೀದಿನಾಯಿಗಳೇ. ಚಿರತೆ ಹಿಡಿಯಲು ಬೋನು ಇಟ್ಟಾಗ ಒಳಗೆ ನಾಯಿಯನ್ನು ಕಟ್ಟುವುದನ್ನು ನಮ್ಮ ಹಳ್ಳಿಯವರೆಲ್ಲ ನೋಡಿದ್ದಾರೆ. ನಾಯಿ ಚಿರತೆಯನ್ನು ಓಡಿಸುವ ಪ್ರಾಣಿಯಾಗಿದ್ದರೆ ಅದನ್ನು ಬೋನಿನಲ್ಲಿ ಯಾಕೆ ಕಟ್ಟುತ್ತಿದ್ದರು?

ಅಕ್ಕನ ಮನೆಯಲ್ಲಿ ಮೊದಲಿದ್ದ ನಾಯಿಯನ್ನು ಚಿರತೆಯೇ ಒಯ್ದಿತ್ತು. ಬೆಳಗ್ಗೆ ಹೋಗಿ ನೋಡಿದರೆ ತೆಂಗಿನ ಮರದ ಬುಡದಲ್ಲಿ ಸರಪಳಿ, ಸರಪಳಿಯ ತುದಿಗೆ ಕುತ್ತಿಗೆಯ ಪಟ್ಟಿ, ಮಣ್ಣಿನ ಮೇಲೆ ಎಳೆದ ಗೆರೆ. ಭಾವ ಆ ಪಟ್ಟಿಯನ್ನು ಇನ್ನೂ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದಾರೆ. ಲ್ಯಾಬ್ರಡಾರ್ ಮರಿ ದೊಡ್ಡದಾದ ಮೇಲೆ ಅವರೂ ಇನ್ನೊಂದು ನಾಯಿಯ ಮಾತು ಎತ್ತಿದ್ದರು, ರಾಟ್‌ವೀಲರ್ ತಂದರೆ ಹೇಗೆ ಎಂದು ಕೇಳಿದ್ದರು. ಚಿರತೆಯ ಪಟ್ಟಿನ ಮುಂದೆ ತಳಿ ನಿಲ್ಲುವುದಿಲ್ಲ ಎಂದೆ. ಕೊನೆಗೆ ಅವರು ಮಾಡಿದ ಕೆಲಸ ನನಗೆ ತುಂಬಾ ಮೆಚ್ಚುಗೆಯಾಯಿತು. ನಾಯಿ ತರುವ ಮೊದಲು ಕೊಟ್ಟಿಗೆಯ ಪಕ್ಕ ಇಟ್ಟಿಗೆಯ ಗೂಡು ಕಟ್ಟಿಸಿದರು. ಮೇಲೆ ಶೀಟು, ಮುಂದೆ ಚಿಲಕ ಇರುವ ಕಬ್ಬಿಣದ ಬಾಗಿಲು, ಒಳಗೆ ಎರಡು ಕಟ್ಟೆ. ಅಂಗಳಕ್ಕೆ ದೀಪ ಹಾಕಿಸಿದರು. ಕೋಳಿ ಅಂಗಡಿಯ ಕಸವನ್ನು ತೋಟದ ಅಂಚಿಗೆ ಸುರಿಯುತ್ತಿದ್ದುದನ್ನು ನಿಲ್ಲಿಸಿದರು, ಬೀದಿನಾಯಿಗಳು ಸೇರುವುದೇ ಅಲ್ಲಿ, ಚಿರತೆ ಬರುವುದು ಆ ನಾಯಿಗಳ ಹಿಂದೆ. ಅದೆಲ್ಲ ಆದ ಮೇಲೆ ಊರಿನ ಒಂದು ಹೆಣ್ಣು ನಾಟಿ ನಾಯಿಯನ್ನು ಆಪರೇಷನ್ ಮಾಡಿಸಿ ತಂದರು. ‘ಕಟ್ಟಾಕಿದ ನಾಯಿ ಕಾಯೋದಲ್ಲ ಕಣಪ್ಪ, ಅದು ಬೊಗಳಿ ಬೊಗಳಿ ನಾನಿಲ್ಲಿದೀನಿ ಅಂತ ಕರೀತದೆ’ ಎಂದರು ಭಾವ. ಈಗ ಹೊತ್ತು ಮುಳುಗುವ ಮುಂಚೆ ಎರಡೂ ಒಳಗೆ, ಚಿಲಕ ಹೊರಗೆ. ರಾತ್ರಿ ಏನಾದರೂ ವಾಸನೆ ಬಿದ್ದರೆ ಗೂಡಿನೊಳಗಿಂದಲೇ ಬೊಗಳುತ್ತವೆ. ಎಚ್ಚರಿಸುವುದಕ್ಕೆ ಅಷ್ಟು ಸಾಕು. ತೋಟದಲ್ಲಿ ಎರಡನೇ ನಾಯಿ ಬೇಕೆನ್ನುವವರಿಗೆ ನನ್ನದು ಇದೊಂದೇ ಷರತ್ತು, ಗೂಡು ಮೊದಲು, ನಾಯಿ ಆಮೇಲೆ. ಸರಪಳಿಯಲ್ಲಿ ಎರಡು ನಾಯಿ ಕಟ್ಟಿದರೆ ಚಿರತೆಗೆ ಎರಡು ಊಟ ಇಟ್ಟಂತೆ.

ಕುಣಿಗಲ್‌ನ ಆ ದಂಪತಿಗೆ ನಾನು ಮರಿ ಬೇಡ ಎಂದೆ. ಹನ್ನೊಂದು ಗಂಟೆ ಬೀಗ ಹಾಕಿದ ಮನೆಯಲ್ಲಿ ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಹಾಕುವವರು ಯಾರು? ಅದು ಹೇತದ್ದನ್ನು ಎತ್ತುವವರು ಯಾರು? ಮಧ್ಯಾಹ್ನ ಯಾರಾದರೂ ಬಂದು ಅವರ ನಾಯಿಯನ್ನು ಅರ್ಧ ಗಂಟೆ ಹೊರಗೆ ಕರೆದೊಯ್ಯುವಂತೆ ಗೊತ್ತು ಮಾಡಿ, ಬೆಳಗ್ಗೆ ನೀವು ಅರ್ಧ ಗಂಟೆ ಮೊದಲು ಎದ್ದು ಅದನ್ನು ಚೆನ್ನಾಗಿ ಸುತ್ತಾಡಿಸಿ ಬನ್ನಿ, ಮೂರು ತಿಂಗಳು ಹಾಗೆ ನಡೆಸಿ ಆಮೇಲೆ ಫೋನ್ ಮಾಡಿ ಎಂದೆ. ಅಷ್ಟರಲ್ಲಿ ಅದು ದಾರಿಯಲ್ಲಿ ಯಾವ ನಾಯಿಯನ್ನು ಕಂಡು ಬಾಲ ಸಡಿಲಿಸುತ್ತದೆ ಎಂಬುದನ್ನು ನೋಡಿಟ್ಟುಕೊಳ್ಳಿ ಎಂದೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎದುರು ಮನೆಯವರ ನಾಯಿ ಕಂಡ್ರೆ ಇದಕ್ಕೆ ಪ್ರಾಣ ಸಾರ್. ಅವರು ಮನೇಲೇ ಇರ್ತಾರೆ. ಹಗಲು ಅಲ್ಲಿ ಬಿಡಬಹುದಾ ಅಂತ ಕೇಳ್ಲಾ?’ ಎಂದರು. ಕೇಳಿ ಎಂದೆ.

ಕರಿಯನಿಗೆ ಈಗ 11 ವರ್ಷ. ಮೂತಿಯ ಸುತ್ತ ಬೆಳ್ಳಗಾಗಿದೆ, ಕಿವಿ ಮಂದವಾಗಿದೆ. ಮಗಳು ಶನಿವಾರ ಸಂಜೆ ಬಂದು ಗೇಟಿನ ಚಿಲಕ ಎತ್ತುವ ಸದ್ದು ಅವನಿಗೆ ಕೇಳಿಸುವುದಿಲ್ಲ, ಫ್ಯಾನಿನ ಕೆಳಗೆ ಮಲಗಿಯೇ ಇರುತ್ತಾನೆ. ಗೌರಿಗೆ ಅವಳ ಆಟೋ ಬೀದಿಯ ತಿರುವಿನಲ್ಲಿರುವಾಗಲೇ ಗೊತ್ತಾಗುತ್ತದೆ. ಎದ್ದು ಗೇಟಿಗೆ ಓಡುವಾಗ ಅವನ ಮೈ ತಾಕಿಸಿಕೊಂಡೇ ಹೋಗುತ್ತಾಳೆ. ಕರಿಯ ತಲೆ ಎತ್ತುತ್ತಾನೆ, ಅವಳು ಹೋದ ದಿಕ್ಕು ನೋಡುತ್ತಾನೆ, ಹಿಂಗಾಲು ಒಂದೊಂದಾಗಿ ಎಳೆದುಕೊಂಡು ಎದ್ದು ಗೇಟಿನ ಕಡೆಗೆ ಹೊರಡುತ್ತಾನೆ.